ಎಲ್ ನಿನೊ ಬಂತಂದ್ರ ಬರ ಫಿಕ್ಸೇನ್ರಿ? ಮೆಕ್ಕಿಜ್ವಾಳ ಹಾಕ್ಬೇಕೋ ಬ್ಯಾಡೋ ಹೇಳ್ರಿ

ರಟ್ಟೀಹಳ್ಳಿ_ಹುಡುಗ
ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಹಾವೇರಿ ಜಿಲ್ಲಾ, ಎಂಟ್ ಎಕರೆ ಹೊಲ ಐತಿ, ಆರು ಮಸಾರಿ (ಕೆಂಪು ನೆಲ) ಎರಡು ಎರಿ (ಕರಿ ನೆಲ), ಬೋರ್ ಐತಿ ಆದ್ರ ಬ್ಯಾಸಿಗ್ಯಾಗ ಬರೇ ಕೆಮ್ಮತೈತಿ. ಟೀವಿಯವ್ರು ಮತ್ತ ಶುರು ಹಚ್ಕೊಂಡಾರ, ಪೆಸಿಫಿಕ್ ಸಮುದ್ರ ಕಾದೈತಿ, ಎಲ್ ನಿನೊ ಬರಾಕತ್ತೈತಿ, ಮಳಿ ಇಲ್ಲ ಅಂತ. ನಮ್ಮಪ್ಪ ಟೀವಿ ಆಫ್ ಮಾಡಿ ಹೊಲಕ್ಕ ಹೋಗ್ಯಾನ, ನನಗ ನಿದ್ದಿ ಇಲ್ಲ.

ಯಾಕಂದ್ರ 2023ರ ನೆನಪು ಇನ್ನೂ ಹಸೀ ಐತಿ. ಜೂನ್ ಪೂರ್ತಿ ಮುಗಲು ನೋಡ್ಕೋತ ಕುಂತ್ವಿ, ಜುಲೈದಾಗ ಹದ ಆತು, ಬಿತ್ತಿದ್ವಿ, ಆ ತಿಂಗಳ ಕೊನೀಗೆ ಹಿಡದು ಹೊಡೀತು, ಬೆಳಿ ನೋಡಿ ಊರಾಗ ಮಂದಿ ಕಣ್ಣಿಟ್ರು. ಆಮ್ಯಾಲೆ ಆಗಸ್ಟ್ ಇಡೀ ತಿಂಗಳು ಒಂದ್ ಹನಿ ಇಲ್ಲ. ಸೂಲಂಗಿ ಬಿಡೋ ಹೊತ್ತಿಗೆ ಎಲಿ ಎಲ್ಲಾ ಸುರುಳಿ ಸುತ್ಗೊಂಡು ನಿಂತ್ವು. ತೆನಿ ಸುಲುದ್ರ ನಮ್ಮಜ್ಜನ ಬಾಯಿ ಇದ್ದಂಗ ಇತ್ತು, ಅಲ್ಲೊಂದು ಇಲ್ಲೊಂದು ಕಾಳು. ಕಡೀಕ ದನಕ್ಕ ಹಾಕಿದ್ವಿ.

ನನ್ನ ಪ್ರಶ್ನಿ ಇಷ್ಟರೀ, ಎಲ್ಲೋ ಅಮೆರಿಕಾದ ಬಾಜೂಕ ಸಮುದ್ರ ಬಿಸಿ ಆದ್ರ ನಮ್ಮ ಹೊಲದಾಗ ಮಳಿ ಯಾಕ ಹೋಗ್ತೈತಿ? ಮತ್ತ ಹೋಗೋದು ಗ್ಯಾರಂಟಿನಾ?

ಬಿಟಿಎಂ_ಬಾಬು
ಟೀವಿ ನೋಡೋದ್ ಬಿಡಿ ಗುರು, ಅರ್ಧ ಬರ ಅಲ್ಲೇ ಕಮ್ಮಿ ಆಗತ್ತೆ 😄

ಪಂಚಾಂಗ_ಪ್ರಿಯ
ನಮ್ಮ ಹಿರಿಯರು ಇದಕ್ಕೆಲ್ಲ ಎಲ್ ನಿನೊ ಅಂತ ಹೇಳ್ತಿರ್ಲಿಲ್ಲ, ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲಾ ಜೋಳ ಅಂದ್ರು, ಅಷ್ಟರಲ್ಲೇ ಬೆಳೆದು ಉಂಡ್ರು. 2023ರಲ್ಲಿ ಆಶ್ಲೇಷ ಮಘೆ ಎರಡೂ ಕೈಕೊಟ್ವು, ಅಷ್ಟೇ ಕಥೆ. ಮಘೆ ಮಳೆ ಬಂದಷ್ಟು ಒಳ್ಳೇದು ಮನೆ ಮಗ ಉಂಡಷ್ಟು ಒಳ್ಳೇದು ಅಂತ ಸುಮ್ನೆ ಅಂದಿದಾರಾ.

ಕನಕಪುರ_ಕಿಟ್ಟಿ
@ಪಂಚಾಂಗ_ಪ್ರಿಯ ಸರಿ ಸಾರ್, ಆಶ್ಲೇಷ ಮಘೆ ಕೈಕೊಟ್ವು. ಯಾಕೆ ಕೈಕೊಟ್ವು ಅನ್ನೋದೇ ಅಲ್ವಾ ಅವ್ರ್ ಕೇಳಿರೋದು

ಮಳೆಮಾಪಕ_ತುಮಕೂರು
ಮಳೆಮಾಪಕ ಇಟ್ಕೊಂಡು ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಅಳತೆ ಬರೀತೀನಿ, ಹೆಂಡ್ತಿ ಇದೊಂದು ರೋಗ ಅಂತಾಳೆ. ನನಗೆ ಅರ್ಥ ಆಗಿರೋಷ್ಟು ಹೇಳ್ತೀನಿ, ಸ್ವಲ್ಪ ಉದ್ದ ಇದೆ, ಟೀ ಇಟ್ಕೊಂಡು ಓದಿ.

ಮಾಮೂಲಿ ವರ್ಷದಲ್ಲಿ ಪೆಸಿಫಿಕ್ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಗಾಳಿ ಬೀಸ್ತಾ ಇರತ್ತೆ. ಅದು ಮೇಲಿನ ಬಿಸಿ ನೀರನ್ನೆಲ್ಲ ತಳ್ಕೊಂಡ್ ಹೋಗಿ ಇಂಡೋನೇಷ್ಯಾ ಕಡೆ ಗುಡ್ಡೆ ಹಾಕತ್ತೆ, ಆ ಕಡೆ ಪೆರು ದೇಶದ ದಡದಲ್ಲಿ ಆಳದ ತಣ್ಣೀರು ಮೇಲೆ ಬರತ್ತೆ. ಕೆಲವು ವರ್ಷ ಆ ಗಾಳಿ ಸೊರಗತ್ತೆ, ಬಿಸಿ ನೀರು ವಾಪಸ್ ಪೂರ್ವಕ್ಕೆ ಹರಡ್ಕೊಳತ್ತೆ. ಅದೇ ಎಲ್ ನಿನೊ. ಮಧ್ಯ ಪೆಸಿಫಿಕ್‌ನಲ್ಲಿ ನಿನೊ 3.4 ಅಂತ ಒಂದು ಪಟ್ಟಿ ಗುರುತು ಮಾಡ್ಕೊಂಡಿದಾರೆ, ಅಲ್ಲಿ ಸರಾಸರಿಗಿಂತ ಅರ್ಧ ಡಿಗ್ರಿ ಜಾಸ್ತಿ ಆಗಿ ತಿಂಗಳುಗಟ್ಟಲೆ ಹಾಗೇ ಉಳಿದ್ರೆ ಎಲ್ ನಿನೊ ಅಂತಾರೆ. ಅರ್ಧ ಡಿಗ್ರಿನಾ ಅಂತ ನಗಬೇಡಿ. ಸಮುದ್ರದ ಮೇಲಿನ ಬರೀ ಮೂರು ಮೀಟರ್ ನೀರು ಹಿಡಿದಿಟ್ಕೊಳ್ಳೋ ಶಾಖ ಇಡೀ ಭೂಮಿಯ ಗಾಳಿ ಹಿಡಿಯೋ ಶಾಖಕ್ಕೆ ಹೆಚ್ಚುಕಮ್ಮಿ ಸಮ. ಅಂಥಾ ನೀರು ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಅರ್ಧ ಡಿಗ್ರಿ ಏರೋದಂದ್ರೆ ಹುಡುಗಾಟ ಅಲ್ಲ.

ಈಗ ನಿಮ್ಮ ಹೊಲಕ್ಕೆ ಬರೋಣ. ನೀರು ಬೆಚ್ಚಗಿರೋ ಕಡೆ ಗಾಳಿ ಮೇಲೇಳತ್ತೆ, ಮೋಡ ಕಟ್ಟತ್ತೆ, ಅಲ್ಲೇ ಸುರಿಯತ್ತೆ. ಮೇಲೆ ಹೋದ ಗಾಳಿ ಎಲ್ಲೋ ಒಂದ್ ಕಡೆ ಇಳೀಲೇಬೇಕಲ್ಲ. ಬಿಸಿ ನೀರು ಪೂರ್ವಕ್ಕೆ ಸರಿದಾಗ ಗಾಳಿ ಏರೋ ಜಾಗನೂ ಸರಿಯತ್ತೆ, ಇಳಿಯೋ ಜಾಗನೂ ಸರಿದು ನಮ್ಮ ತಲೆ ಮೇಲೆ ಬರತ್ತೆ. ಇಳಿಯೋ ಗಾಳಿ ಕೆಳಗೆ ಮೋಡ ಎತ್ತರಕ್ಕೆ ಬೆಳೆಯಲ್ಲ. 2023ರ ಆಗಸ್ಟ್‌ನಲ್ಲಿ ದಿನಾ ಮಧ್ಯಾಹ್ನ ಹತ್ತಿ ಥರ ಸಣ್ಣ ಸಣ್ಣ ಮೋಡ ಬಂದು ಸಂಜೆ ಕರಗಿ ಹೋಗ್ತಿದ್ವಲ್ಲ, ನನ್ನ ನೋಟ್‌ಬುಕ್ಕಲ್ಲಿ ಆ ಪುಟ ಪೂರ್ತಿ ಸೊನ್ನೆ ಸೊನ್ನೆ ಸೊನ್ನೆ. ದೇಶಕ್ಕೇ ಅದು 1901ರಿಂದೀಚೆಗಿನ ಅತಿ ಒಣ ಆಗಸ್ಟ್, ಶೇ 36 ಕೊರತೆ.

ಚಿತ್ರದುರ್ಗದ_ಚಿನ್ನ
ನನಗೆ ಇದೇ ಅರ್ಥ ಆಗಲ್ಲ, ಸಮುದ್ರ ಬಿಸಿ ಆದ್ರೆ ಜಾಸ್ತಿ ಆವಿ, ಜಾಸ್ತಿ ಆವಿ ಅಂದ್ರೆ ಜಾಸ್ತಿ ಮಳೆ ಆಗ್ಬೇಕಲ್ವಾ, ಸ್ಕೂಲಲ್ಲಿ ಹಾಗೇ ಹೇಳ್ಕೊಟ್ಟಿದ್ರು

ಮಳೆಮಾಪಕ_ತುಮಕೂರು
@ಚಿತ್ರದುರ್ಗದ_ಚಿನ್ನ ಮಳೆ ಜಾಸ್ತಿ ಆಗೇ ಆಗತ್ತೆ, ಪೆಸಿಫಿಕ್ ಮಧ್ಯದಲ್ಲಿ ಮೀನುಗಳ ಮೇಲೆ. ಪೆರು ದೇಶದ ಮರಳುಗಾಡಲ್ಲಿ ಎಲ್ ನಿನೊ ವರ್ಷ ಪ್ರವಾಹನೇ ಬರತ್ತೆ. ಮಳೆ ಎಲ್ಲೂ ಹೋಗಿಲ್ಲ, ವಿಳಾಸ ಬದಲಾಯಿಸಿದೆ.

ಮಲ್ಪೆ_ಮಾರಾಯ
ಎಲ್ ನಿನೊ ಹೆಸರು ಇಟ್ಟದ್ದೇ ಪೆರುವಿನ ಮೀನುಗಾರರು ಮಾರಾಯ್ರೆ. ಕ್ರಿಸ್‌ಮಸ್ ಹೊತ್ತಿಗೆ ನೀರು ಬೆಚ್ಚಗೆ ಆಗ್ತಿತ್ತು, ಅದಕ್ಕೆ ಬಾಲಯೇಸು ಅಂತ ಹೆಸರು. ತಣ್ಣೀರು ಮೇಲೆ ಬಂದ್ರೆ ಮೀನಿಗೆ ಊಟ, ಬರದಿದ್ರೆ ಮೀನೂ ಇಲ್ಲ ಬಲೆಗೆ ಕೆಲಸವೂ ಇಲ್ಲ. 1972ರಲ್ಲಿ ಅವರ ಆಂಚೊವಿ ಮೀನಿನ ಉದ್ಯಮವೇ ಮುಳುಗಿ ಹೋಯ್ತು.

ನಮಗೂ ಬಿಸಿ ಮುಟ್ಟಿದ್ದುಂಟು. 2015ರ ಎಲ್ ನಿನೊ ಆಸುಪಾಸು ಕೇರಳದಲ್ಲಿ ಬೂತಾಯಿ ಮೀನು ಸಿಗೋದು ಪಾತಾಳಕ್ಕೆ ಇಳಿದಿತ್ತು, ಕೊಚ್ಚಿಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ವಿಜ್ಞಾನಿಗಳು ಎಲ್ ನಿನೊ ಕಡೆಗೇ ಬೆರಳು ತೋರಿಸಿದ್ರು. ನಮ್ಮ ದಕ್ಕೆಯಲ್ಲಿ ಬಡವರ ಮೀನು ಅಂತ ಬೂತಾಯಿ ತಗೊಳ್ತಿದ್ದವರು ರೇಟ್ ಕೇಳಿ ಬುಟ್ಟಿ ಮಗುಚಿ ಹೋಗ್ತಿದ್ರು. ಆಗ ಬಂಗುಡೆಯೇ ಗತಿ.

ಬಿಟಿಎಂ_ಬಾಬು
ಬಂಗುಡೆ ಪುಳಿಮುಂಚಿ ಬಗ್ಗೆ ಬೇರೆ ಥ್ರೆಡ್ ಓಪನ್ ಮಾಡಿ ಪ್ಲೀಸ್, ಹೊಟ್ಟೆ ಹಸೀತಿದೆ

ಗದಗಿನ_ಗಾಳಿ
ಎಲ್ ನಿನೊ ಅಂದ್ರ ಬರ ಅಂತ ನಮ್ಮ ಕಡೆ ಅಂಗಡಿಕಟ್ಟಿ ಮ್ಯಾಲ ಎಲ್ಲಾರೂ ಹೇಳ್ತಾರ. 1972 ಬರ, 87 ಬರ, 97 ಬರ, 2002 ಬರ. ಲೆಕ್ಕ ಬರೋಬ್ಬರಿ ಐತಲ್ಲ ಮತ್ತ?

ಐಓಡಿ_ಅಣ್ಣ
@ಗದಗಿನ_ಗಾಳಿ 97 ತೆಗೀರಿ ಸಾರ್ ಲಿಸ್ಟಿಂದ! ಅದೇ ಇರೋದು ಮಜಾ. 1997ರದ್ದು ಆ ಶತಮಾನದ ಅತಿ ದೊಡ್ಡ ಎಲ್ ನಿನೊಗಳಲ್ಲಿ ಒಂದು, ಎಲ್ಲರೂ ಎದೆ ಹಿಡ್ಕೊಂಡು ಕೂತಿದ್ರು, ದೇಶದ ಮುಂಗಾರು ಸರಾಸರಿಗೆ ಶೇ 102 ಬಂತು. 2002ರಲ್ಲಿ ಎಲ್ ನಿನೊ ಸಾಧಾರಣದ್ದು, ಮಳೆ ಮಾಮೂಲಿ ಅಂತ ಮುನ್ಸೂಚನೆ ಕೊಟ್ಟಿದ್ರು, ಜುಲೈ ಒಂದೇ ತಿಂಗಳಲ್ಲಿ ಹತ್ತಿರ ಹತ್ತಿರ ಅರ್ಧ ಮಳೆ ಖೋತಾ, ಇಡೀ ಹಂಗಾಮು ಶೇ 19 ಕೊರತೆ. ದೊಡ್ಡ ಭೂತ ಏನೂ ಮಾಡ್ಲಿಲ್ಲ, ಸಣ್ಣ ಭೂತ ಮನೆ ಹಾಳು ಮಾಡ್ತು.

ಯಾಕೆ ಅಂದ್ರೆ ನಮ್ಮ ಮನೆ ಬಾಗಿಲಲ್ಲೇ ಇನ್ನೊಂದು ಸಮುದ್ರ ಇದೆ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ, ಅಂದ್ರೆ ಆಫ್ರಿಕಾ ಕಡೆ ನೀರು ಬಿಸಿ ಇದ್ದು, ಪೂರ್ವದಲ್ಲಿ ಸುಮಾತ್ರಾ ಕಡೆ ತಣ್ಣಗಿದ್ರೆ ಅದು ಪಾಸಿಟಿವ್ ಐಓಡಿ (ಇಂಡಿಯನ್ ಓಷನ್ ಡೈಪೋಲ್), ನಮಗೆ ಸಾಮಾನ್ಯವಾಗಿ ಒಳ್ಳೇದು. ತಿರುಗಾಮುರುಗಾ ಆದ್ರೆ ನೆಗೆಟಿವ್. 1997ರಲ್ಲಿ ಪಾಸಿಟಿವ್ ಜೋರಾಗಿತ್ತು, 1994ರಲ್ಲೂ. ಇದನ್ನ 1999ರಲ್ಲಿ ಗುರುತಿಸಿ ನೇಚರ್ ಪತ್ರಿಕೆಯಲ್ಲಿ ಬರೆದ ನಾಲ್ಕು ಜನರಲ್ಲಿ ಸಾಜಿ, ಯಾಮಗಾಟಾ ಜೊತೆ ಗೋಸ್ವಾಮಿ, ವಿನಯಚಂದ್ರನ್ ಇದ್ರು, ನಮ್ಮ ಬೆಂಗಳೂರಿನ ಐಐಎಸ್‌ಸಿ ನಂಟು ಇರೋರು. ಮಲ್ಲೇಶ್ವರದಲ್ಲಿ ದೋಸೆ ತಿನ್ನೋ ದೂರದಲ್ಲಿ ಇಂಥ ಕೆಲಸ ನಡೆದಿದೆ ಅಂತ ನಮಗೇ ಗೊತ್ತಿಲ್ಲ.

ಪಾವಗಡ_ಶೇಂಗಾ
ಐಐಎಸ್‌ಸಿ ಅಂದ್ರೆ ಸುಲೋಚನಾ ಗಾಡ್ಗೀಳ್ ಅವರ ಹೆಸರು ಬಿಟ್ರೆ ಹೆಂಗೆ. ಐಓಡಿ ನೀರಿನ ಲೆಕ್ಕ ಆದ್ರೆ ಅವರು ಮೇಲಿನ ಗಾಳಿ ಮೋಡದ ಲೆಕ್ಕ ಹಿಡಿದ್ರು, ಇಕ್ವಿನೂ ಅಂತ ಹೆಸರಿಟ್ಟು, 97ರಲ್ಲಿ ಅದು ನಮ್ಮ ಪರ ಇತ್ತು 2002ರಲ್ಲಿ ವಿರುದ್ಧ ಇತ್ತು ಅಂತ ತೋರಿಸಿದ್ರು. ನಮ್ಮ ತಾಲೂಕಿಗೆ ಅವರು ಬೇರೆ ಕಾರಣಕ್ಕೆ ಬೇಕಾದೋರು. ಹಳೇ ಮಳೆ ದಾಖಲೆ ಇಟ್ಕೊಂಡು, ಇಲ್ಲಿನ ಶೇಂಗಾ ರೈತರ ಜೊತೆ ಕೂತು, ಯಾವಾಗ ಬಿತ್ತಿದ್ರೆ ಕೈ ಸುಟ್ಕೊಳ್ಳೋದು ಕಮ್ಮಿ ಅಂತ ಲೆಕ್ಕ ಹಾಕಿದ್ರು. ಸಮುದ್ರದ ವಿಜ್ಞಾನಿ ಪಾವಗಡದ ಕೆಂಪು ನೆಲದಲ್ಲಿ ನಿಂತು ರೈತರ ಮಾತು ಕೇಳೋದು ಸಣ್ಣ ವಿಷಯ ಅಲ್ಲ.

ಇನ್ನೊಂದು, ಸಮುದ್ರ ಒಂದು ಹಂತಕ್ಕಿಂತ ಬಿಸಿ ಆದ್ಮೇಲೆ ಇನ್ನೂ ಬಿಸಿ ಆದಷ್ಟೂ ಮಳೆ ಜಾಸ್ತಿ ಅನ್ನೋ ಲೆಕ್ಕ ನಡೆಯಲ್ಲ. ಸುಮಾರು 28 ಡಿಗ್ರಿ ದಾಟಿದ್ರೆ ದೊಡ್ಡ ಮೋಡ ಕಟ್ಟೋಕೆ ಅವಕಾಶ ಸಿಗತ್ತೆ, ಕಟ್ಟೇ ಕಟ್ಟತ್ತೆ ಅಂತಲ್ಲ. 1984ರಲ್ಲೇ ಅವರ ತಂಡ ಇದನ್ನ ಬರೆದಿತ್ತು. ಒಲೆ ಹತ್ತಿದ ಮಾತ್ರಕ್ಕೆ ಅನ್ನ ಆಗತ್ತಾ, ಅಕ್ಕಿನೂ ಬೇಕಲ್ಲ.

ನಾಗರಾಜ_ಎನ್‌ಕೆ
ಅಂದ್ರ 2019ರಾಗ ನಮ್ಮ ಬೆಳಗಾವಿ ಬಾಗಲಕೋಟಿ ಮುಳುಗಿದ್ದು ಇದೇ ಐಓಡಿ ಪ್ರತಾಪ. ಮನಿ ಕಳಕೊಂಡವ್ರು ಯಾರ ಮ್ಯಾಲ ಕೇಸ್ ಹಾಕ್ಬೇಕು, ಸುಮಾತ್ರಾದ ಮ್ಯಾಲಾ?

ಮಳೆಮಾಪಕ_ತುಮಕೂರು
@ನಾಗರಾಜ_ಎನ್‌ಕೆ ಅಷ್ಟು ಸಲೀಸಾಗಿ ಹೇಳೋಕಾಗಲ್ಲ. 2019ರ ಐಓಡಿ ಬಹಳ ಜೋರಿದ್ದಿದ್ದು ನಿಜ, ಆದ್ರೆ ಅದರ ತುತ್ತತುದಿ ಅಕ್ಟೋಬರ್ ನವೆಂಬರ್‌ನಲ್ಲಿ, ನಿಮ್ಮಲ್ಲಿ ಹೊಳೆ ಬಂದಿದ್ದು ಆಗಸ್ಟ್ ಮೊದಲ ವಾರದಲ್ಲಿ. ಘಟ್ಟದ ಮೇಲೆ ಮಹಾರಾಷ್ಟ್ರದಲ್ಲೂ ಸುರಿದು, ಕೃಷ್ಣಾ ಕಣಿವೆಯ ಡ್ಯಾಮುಗಳೂ ನೀರು ಬಿಟ್ಟು ಎಲ್ಲಾ ಒಟ್ಟಿಗೆ ಆಯ್ತು. ಸಮುದ್ರದ ಬಿಸಿ ಹಂಗಾಮಿನ ಒಲವು ಹೇಳಬಹುದು, ಒಂದು ವಾರದ ಪ್ರವಾಹಕ್ಕೆ ನೇರ ಸಾಕ್ಷಿ ಹೇಳಲ್ಲ.

ನಾಗರಾಜ_ಎನ್‌ಕೆ
ಹಂಗಂದ್ರ ಬರ ಬಂದ್ರ ಎಲ್ ನಿನೊ, ನೆರಿ ಬಂದ್ರ ಯಾರೂ ಅಲ್ಲ. ಚಲೋ ಐತಿ ವಿಜ್ಞಾನ.

ಐಓಡಿ_ಅಣ್ಣ
ಬರಕ್ಕೂ ಅದೇ ಮಾತು ಸಾರ್. 1979ರಲ್ಲಿ ಸರಿಯಾದ ಎಲ್ ನಿನೊ ಇರಲೇ ಇಲ್ಲ, ದೇಶಕ್ಕೆ ಬರ ಬಿತ್ತು. ಯಾರೂ ಎಲ್ಲಾ ಬರಕ್ಕೂ ಅದೊಂದೇ ಕಾರಣ ಅಂದಿಲ್ಲ.

ಮೆಲ್ಬೋರ್ನ್_ಮೂರ್ತಿ
ಮಧ್ಯದಲ್ಲಿ ಬಾಯಿ ಹಾಕ್ತೀನಿ. ನಿಮಗೆ ಒಳ್ಳೇದು ಮಾಡೋ ಪಾಸಿಟಿವ್ ಐಓಡಿ ನಮಗಿಲ್ಲಿ ಯಮ. ಸುಮಾತ್ರಾ ಕಡೆ ನೀರು ತಣ್ಣಗಾದ್ರೆ ಆಸ್ಟ್ರೇಲಿಯಾಗೆ ಬರೋ ತೇವ ಕಮ್ಮಿ. 2019ರ ಕೊನೆಗೆ ಕಾಡು ಹೊತ್ಕೊಂಡಿತಲ್ಲ, ಜನವರಿಲಿ ಮೆಲ್ಬೋರ್ನ್‌ನಲ್ಲಿ ಹೊಗೆಗೆ ಬಾಲ್ಕನಿ ಬಾಗಿಲು ತೆಗೆಯೋ ಹಾಗಿರಲಿಲ್ಲ, ಮಗಳ ಸ್ಕೂಲ್ ಬ್ಯಾಗಲ್ಲೂ ಸುಟ್ಟ ವಾಸನೆ. ಆಗಲೇ ಪೂರ್ವ ಆಫ್ರಿಕಾದಲ್ಲಿ ಮಳೆ ಜಾಸ್ತಿಯಾಗಿ ಮಿಡತೆ ಹಿಂಡು ಎದ್ದಿದ್ದು. ಊರಿಗೆ ಫೋನ್ ಮಾಡಿದ್ರೆ ಅಮ್ಮ, ಕೆರೆ ಕೋಡಿ ಬಿದ್ದಿದೆ ಕಣೋ ಅಂತ ಖುಷಿಯಲ್ಲಿದ್ರು. ಒಂದೇ ಸಮುದ್ರ ನೋಡಿ.

ತೀರ್ಥಹಳ್ಳಿ_ಅಡಕೆ
ನಮ್ಮ ಕಷ್ಟನೂ ಕೇಳಿ ಮಾರಾಯ್ರೆ, ನಮಗೆ ಶತ್ರು ಲಾ ನಿನಾ, ಎಲ್ ನಿನೊದ ಉಲ್ಟಾ. 2020ರಿಂದ 22ರ ತನಕ ಮೂರು ವರ್ಷ ಬಿಡದೆ ಅದೇ ಇತ್ತು. ಬೋರ್ಡೋ ದ್ರಾವಣ ಹೊಡೆದು ಕೊನೆಗಾರ ಮರ ಇಳಿಯೋದ್ರೊಳಗೆ ಮಳೆ ತೊಳ್ಕೊಂಡ್ ಹೋಗ್ತಿತ್ತು. ಕೊಳೆ ರೋಗ ಬಂದು ಉದುರಿದ ಅಡಕೆ ಗುಡಿಸಿ ಗುಡಿಸಿ ಸಾಕಾಯ್ತು. ಬರ ಬರ ಅಂತೀರಿ, ಅತಿ ಮಳೆಗೆ ಯಾರೂ ಟೀವಿಲಿ ಅಳಲ್ಲ.

ರಟ್ಟೀಹಳ್ಳಿ_ಹುಡುಗ
@ತೀರ್ಥಹಳ್ಳಿ_ಅಡಕೆ ಅಣ್ಣಾರ, ಅಡಕಿ ರೇಟ್ ನೋಡಿ ಮಾತಾಡ್ರಿ 🙏 ನಿಮ್ಮ ಅರ್ಧ ಮಳಿ ಈ ಕಡೆ ಕಳಿಸ್ರಿ, ಪಾರ್ಸಲ್ ಖರ್ಚು ನಾ ಕೊಡ್ತೀನಿ

ಹಳೇಮೈಸೂರ್_ಮೇಷ್ಟ್ರು
ಚರಿತ್ರೆ ಒಂಚೂರು. ನಮ್ಮಜ್ಜಿ ಕೋಪ ಬಂದಾಗ ಧಾತು ಈಶ್ವರದಲ್ಲಿ ಬಂದೋನ ಥರ ತಿಂತೀಯಲ್ಲೋ ಅಂತ ಬೈತಿದ್ರು. ಆ ಧಾತು, ಈಶ್ವರ ಸಂವತ್ಸರಗಳು ಅಂದ್ರೆ 1876ರಿಂದ 78, ಮೈಸೂರು ಸೀಮೆ ಲಕ್ಷಗಟ್ಟಲೆ ಜನರನ್ನ ಕಳ್ಕೊಂಡ ಬರ. ಈಗ ಲೆಕ್ಕ ಹಾಕಿ ನೋಡಿದ್ರೆ 1877ರಲ್ಲಿ ಭಾರೀ ಎಲ್ ನಿನೊ, ಅದೇ ಹೊತ್ತಿಗೆ ಚೀನಾ, ಬ್ರೆಜಿಲ್‌ನಲ್ಲೂ ಕ್ಷಾಮ. ಮಳೆ ಹೋಗಿದ್ದು ಸಮುದ್ರದಿಂದ ಸರಿ, ಜನ ಸತ್ತಿದ್ದಕ್ಕೆ ಆಗಿನ ಸರ್ಕಾರ ಉತ್ತರ ಹೇಳ್ಬೇಕಿತ್ತು, ಧಾನ್ಯ ಹಡಗು ಹತ್ತಿ ಹೋಗ್ತಾನೇ ಇತ್ತು.

ಆಮೇಲೆ 1899ರ ಬರ. ಬ್ರಿಟಿಷರು 1904ರಲ್ಲಿ ಗಿಲ್ಬರ್ಟ್ ವಾಕರ್ ಅನ್ನೋ ಗಣಿತದ ಮನುಷ್ಯನ್ನ ಹವಾಮಾನ ಇಲಾಖೆ ಮುಖ್ಯಸ್ಥ ಮಾಡಿದ್ರು. ಆತ ಗುಮಾಸ್ತರನ್ನ ಕೂರಿಸಿ ಲೋಕದ ಗಾಳಿ ಒತ್ತಡದ ಅಂಕಿ ಎಲ್ಲಾ ತಾಳೆ ಹಾಕಿಸಿ, ಪೆಸಿಫಿಕ್‌ನಲ್ಲಿ ಒತ್ತಡ ಏರಿದ್ರೆ ಹಿಂದೂ ಮಹಾಸಾಗರದ ಕಡೆ ಇಳಿಯತ್ತೆ, ತಕ್ಕಡಿ ಥರ, ಅಂತ ಕಂಡುಹಿಡಿದ. ಅದು ಸಮುದ್ರದ ಬಿಸಿಗೆ ತಳುಕು ಹಾಕ್ಕೊಂಡಿದೆ ಅಂತ ಗೊತ್ತಾಗಿದ್ದು 1969ರಲ್ಲಿ, ಹವಾಮಾನ ವಿಜ್ಞಾನಿ ಬ್ಯರ್ಕ್‌ನೆಸ್ ಬರೆದ ಮೇಲೆ. ವಾಕರ್ ಅಷ್ಟರಲ್ಲಿ ತೀರಿಕೊಂಡು ಹನ್ನೊಂದು ವರ್ಷ ಆಗಿತ್ತು.

ಚಿತ್ರದುರ್ಗದ_ಚಿನ್ನ
ಒಂದ್ ಡೌಟು, ಅಷ್ಟು ದೊಡ್ಡ ಸಮುದ್ರಕ್ಕೆ ಥರ್ಮಾಮೀಟರ್ ಇಡೋರು ಯಾರು

ಐಓಡಿ_ಅಣ್ಣ
ಮೊದ್ಲು ಹಡಗಿನೋರು ಕ್ಯಾನ್ವಾಸ್ ಬಕೆಟ್ಟಲ್ಲಿ ನೀರು ಸೇದಿ ಅಳೀತಿದ್ರು. ಮಡಕೆ ನೀರು ತಣ್ಣಗಾಗತ್ತಲ್ಲ, ಹಾಗೇ ಬಕೆಟ್ ಮೇಲೆ ಬರೋದ್ರೊಳಗೆ ಗಾಳಿಗೆ ತಣ್ಣಗಾಗಿ ಅಳತೆ ಕಮ್ಮಿ ತೋರಿಸ್ತಿತ್ತು, ಈಗ ಆ ಹಳೇ ಅಂಕಿಗಳನ್ನ ತಿದ್ದಿ ಬಳಸ್ತಾರೆ. ಈಗ ಉಪಗ್ರಹ ಇದೆ, ಅಳತೆ ಮಾಡೋ ತೇಲುಬುರುಡೆಗಳಿವೆ, ಜೊತೆಗೆ ಆರ್ಗೋ ಅಂತ ಸಾವಿರಾರು ಕೊಳವೆಗಳು. 2000 ಮೀಟರ್ ಆಳಕ್ಕೆ ಮುಳುಗಿ ಹತ್ತು ದಿನಕ್ಕೊಂದ್ಸಲ ಮೇಲೆ ಬಂದು ಉಪಗ್ರಹಕ್ಕೆ ಲೆಕ್ಕ ಒಪ್ಪಿಸ್ತವೆ. ನಮ್ಮ ದೇಶದ್ದನ್ನ ಹೈದರಾಬಾದ್‌ನ ಸಮುದ್ರ ಮಾಹಿತಿ ಕೇಂದ್ರ ಇನ್ಕಾಯ್ಸ್ ನೋಡ್ಕೊಳತ್ತೆ.

ಗದಗಿನ_ಗಾಳಿ
ಇಷ್ಟೆಲ್ಲಾ ಇಟ್ಕೊಂಡೂ 2023ಕ್ಕ ಐಎಂಡಿ (ಹವಾಮಾನ ಇಲಾಖೆ) ಏಪ್ರಿಲ್‌ನ್ಯಾಗ ಸರಾಸರಿಯ ಶೇ 96 ಮಳಿ ಅಂತ ಹೇಳ್ತು, ಬಂದಿದ್ದು 94. ಅವರ ಲೆಕ್ಕ ಬರೋಬ್ಬರಿ, ನಮ್ಮ ಹೊಲ ಸುಟ್ಟು ಬೂದಿ. ರಾಜ್ಯದ 236 ತಾಲೂಕಿನ್ಯಾಗ 223 ಬರ ಅಂತ ಸರ್ಕಾರನ ಹೇಳ್ತು. ಅಂಥಾ 94 ತಗೊಂಡು ಉಪ್ಪಿನಕಾಯಿ ಹಾಕ್ಲೇನು?

ಮಳೆಮಾಪಕ_ತುಮಕೂರು
@ಗದಗಿನ_ಗಾಳಿ ಇದು ನೂರಕ್ಕೆ ನೂರು ಸರಿ, ನನ್ನ ತಕರಾರೂ ಇದೇ. ದೇಶದ ಮುಂಗಾರು ಸರಾಸರಿ 87 ಸೆಂಟಿಮೀಟರ್, ಅದರ ಶೇ 94 ಅಂದ್ರೆ ಯಾರ ಹೊಲದ ಲೆಕ್ಕ? ಆಗುಂಬೆಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟತ್ತೆ, ಚಳ್ಳಕೆರೆಲಿ 500 ಮುಟ್ಟಿದ್ರೆ ಹಬ್ಬ, ಎರಡೂ ಒಂದೇ ರಾಜ್ಯ. ಆ ವರ್ಷ ನಮ್ಮ ರಾಜ್ಯಕ್ಕೆ ಮುಂಗಾರಲ್ಲಿ ಸುಮಾರು ಕಾಲು ಭಾಗ ಖೋತಾ. ಸೆಪ್ಟೆಂಬರ್‌ನಲ್ಲಿ ದೇಶಕ್ಕೆ ಶೇ 13 ಜಾಸ್ತಿ ಬಂದು ಸರಾಸರಿ ಮೇಲೆತ್ತು, ಅಷ್ಟೊತ್ತಿಗೆ ನಿಮ್ಮ ಮೆಕ್ಕೆಜೋಳ ದನದ ಹೊಟ್ಟೆ ಸೇರಿತ್ತು.

ಅದಕ್ಕೇ ಹೇಳೋದು, ಹಂಗಾಮಿನ ಒಟ್ಟು ಮಳೆ ಕೇಳಬೇಡಿ, ಮಳೆ ಎಷ್ಟು ದಿನ ಬಿಡುವು ಕೊಡಬಹುದು ಅಂತ ಕೇಳಿ. ಎಲ್ ನಿನೊ ವರ್ಷ ಆ ಬಿಡುವು ಉದ್ದ ಆಗೋ ಸಾಧ್ಯತೆ ಜಾಸ್ತಿ. ಇನ್ನೊಂದು, ಮಾರ್ಚ್ ಏಪ್ರಿಲ್‌ನಲ್ಲಿ ಪೆಸಿಫಿಕ್ ಮುಂದೇನು ಮಾಡತ್ತೆ ಅನ್ನೋ ಊಹೆ ಯಾವಾಗ್ಲೂ ಕಚ್ಚಾ, ಮೇ ಕೊನೆಯ ಐಎಂಡಿ ಪರಿಷ್ಕೃತ ಮುನ್ಸೂಚನೆ ಕಾಯಿರಿ.

ಮಲ್ಪೆ_ಮಾರಾಯ
ಅರಬ್ಬಿ ಸಮುದ್ರದ ಬಗ್ಗೆ ಯಾರೂ ಹೇಳ್ಲಿಲ್ಲ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ಎದ್ದು ಮುಂಗಾರಿನ ಗಾಳಿಯನ್ನೇ ಎಳ್ಕೊಂಡು ಉತ್ತರಕ್ಕೆ ಹೋಯ್ತು, ಕೇರಳಕ್ಕೆ ಮುಂಗಾರು ಬಂದದ್ದೇ ಜೂನ್ 8ಕ್ಕೆ, ಬಂದದ್ದೂ ನೆಪಕ್ಕೆ. 2021ರ ಮೇ ತಿಂಗಳ ತೌಕ್ತೆ ನಮ್ಮ ಕಡಲ ಬದಿಯ ರಸ್ತೆಯನ್ನೇ ತಿಂದಿತ್ತು. ಮುಂಚೆ ಚಂಡಮಾರುತ ಅಂದ್ರೆ ಬಂಗಾಳಕೊಲ್ಲಿಯದ್ದು ಅಂತ ನಾವು ಆರಾಮ ಇದ್ದದ್ದು, ಈಗ ಈ ಕಡಲೂ ಕಾದಿದೆ.

ಪಂಚಾಂಗ_ಪ್ರಿಯ
ಎಲ್ಲಾ ಓದಿದೆ. ಒಪ್ತೀನಿ. ಆದ್ರೂ ಎಲ್ ನಿನೊ ವರ್ಷ ಹಿಂಗಾರು ಚೆನ್ನಾಗಿರತ್ತೆ ಅಂತ ಕೇಳಿದೀನಿ, ಅದು ನಿಜಾನಾ? ಚಿತ್ತಾ ಸ್ವಾತಿ ಮೇಲೆ ಭರವಸೆ ಇಡಬಹುದಾ?

ಐಓಡಿ_ಅಣ್ಣ
@ಪಂಚಾಂಗ_ಪ್ರಿಯ ಒಲವು ಹಾಗೇ ಇದೆ, ಅದರಲ್ಲೂ ತಮಿಳುನಾಡು, ನಮ್ಮ ದಕ್ಷಿಣ ಒಳನಾಡಿಗೆ. 2015ರ ಚೆನ್ನೈ ನೆರೆ ಎಲ್ ನಿನೊ ವರ್ಷದ್ದೇ. ಆದ್ರೆ 2023ರಲ್ಲಿ ನಮಗೆ ಹಿಂಗಾರೂ ಕೈಕೊಡ್ತು, 24ರ ಬೇಸಿಗೇಲಿ ಬೆಂಗಳೂರಲ್ಲಿ ಟ್ಯಾಂಕರ್ ಹಿಂದೆ ಬಿಂದಿಗೆ ಹಿಡ್ಕೊಂಡು ಓಡಿದ್ದು ಮರೆತ್ರಾ.

ಬಿಟಿಎಂ_ಬಾಬು
ಮರೆಯೋದಾ? ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಕಾರ್ ತೊಳೆದೋನ ಫೋಟೋ ಹಾಕಿ ಮಾನ ಕಳೆದಿದ್ರು. ಆ ಕಾರ್ ನಂದೇ.

ಗದಗಿನ_ಗಾಳಿ
😂😂 ಮೊದ್ಲ ಇವನ್ನ ಹಿಡೀರಿ

ಪಾವಗಡ_ಶೇಂಗಾ
@ರಟ್ಟೀಹಳ್ಳಿ_ಹುಡುಗ ತಮ್ಮಾ, ಥ್ರೆಡ್ ಎಲ್ಲೆಲ್ಲೋ ಹೋಯ್ತು, ನಿನ್ನ ವಿಷ್ಯಕ್ಕೆ ಬರ್ತೀನಿ. ಎಂಟೂ ಎಕರೆ ಮೆಕ್ಕೆಜೋಳ ಹಾಕಬೇಡ. ಮೆಕ್ಕೆಜೋಳಕ್ಕೆ ಸೂಲಂಗಿ ಹೊತ್ತಲ್ಲಿ ಹತ್ತು ಹದಿನೈದು ದಿನ ನೀರು ತಪ್ಪಿದ್ರೆ ಮುಗೀತು, ಆಮೇಲೆ ಎಷ್ಟು ಬಂದ್ರೂ ಕಾಳು ಕಟ್ಟಲ್ಲ. ಮಸಾರಿಲಿ ಅರ್ಧ ಹಾಕು, ಅಲ್ಪಾವಧಿ ತಳಿ ತಗೋ, ನಡುವೆ ತೊಗರಿ ಅಕ್ಕಡಿ ಸಾಲು ಬಿಡು. ತೊಗರಿ ಬೇರು ಆಳಕ್ಕೆ ಹೋಗತ್ತೆ, ತಡೆಯತ್ತೆ. ಎರಿ ಹೊಲ ಮುಂಗಾರಿಗೆ ಮುಟ್ಟಬೇಡ, ಹಿಂಗಾರಿ ಜೋಳ ಕಡಲೆಗೆ ಇಟ್ಕೋ. ಕೃಷಿ ಹೊಂಡ ಇದೆಯಾ? ಬೋರ್ ಕೆಮ್ಮಿದ್ರೂ ಹೊಂಡದಲ್ಲಿ ನೀರಿದ್ರೆ ಆ ಹದಿನೈದು ದಿನಕ್ಕೆ ಎರಡು ಸಲ ಹಾಯಿಸಬಹುದು. ವಿಮೆ ಕಟ್ಟು, ಕೊಡೋದು ಬಿಡೋದು ಅವರ ಹಣೆಬರಹ. ನಮ್ಮ ಹೊಲ ಒಣಗಿದ ವರ್ಷ ಮೂರು ಕಿಲೋಮೀಟರ್ ಆಚೆಯ ಮಾಪಕದಲ್ಲಿ ಮಳೆ ಇದೆ ಅಂತ ದುಡ್ಡು ಕೊಡಲಿಲ್ಲ.

ಕನಕಪುರ_ಕಿಟ್ಟಿ
ಮೋಡ ಬಿತ್ತನೆ ಮಾಡ್ಸಿ ಅಂತ ಯಾರೂ ಹೇಳ್ಲಿಲ್ವಲ್ಲ ಆಶ್ಚರ್ಯ, 2017ರಲ್ಲಿ ವರ್ಷಧಾರೆ ಅಂತ ವಿಮಾನ ಹಾರಿಸಿದ್ರಲ್ಲ

ಮಳೆಮಾಪಕ_ತುಮಕೂರು
ಬಿತ್ತೋಕೆ ಮೋಡ ಬೇಕಲ್ಲ ಸ್ವಾಮಿ.

ರಟ್ಟೀಹಳ್ಳಿ_ಹುಡುಗ
ಎಲ್ಲಾರಿಗೂ ಭಾಳ ಥ್ಯಾಂಕ್ಸ್‌ರಿ, ಮೂರು ಮಸಾರಿ ಮೆಕ್ಕಿಜ್ವಾಳ, ಮೂರು ತೊಗರಿ ಹೆಸರು, ಎರಿ ಹಿಂಗಾರಿಗೆ ಅಂತ ಲೆಕ್ಕ ಹಾಕೀನಿ. ಹೊಂಡ ಐತ್ರಿ ಆದ್ರ ತಾಡಪಾಲ ಹರದೈತಿ. ರಾತ್ರಿ ಊಟಕ್ಕ ಕುಂತಾಗ ಅಪ್ಪಗ ಪೆಸಿಫಿಕ್ಕು ಸುಮಾತ್ರಾ ಎಲ್ಲಾ ಹೇಳಿದ್ನಿ, ರೊಟ್ಟಿ ಮುರಕೋತ ಪೂರ್ತಿ ಕೇಳಿದ. ಆಮ್ಯಾಲೆ ಅಂದ, "ಅಲ್ಲೀ ನೀರು ಕಾದ್ರ ಕಾಯ್ಲಿ, ಇಲ್ಲಿ ಕೂರಿಗಿ ತಾಳು ಮುರದು ಎರಡು ವರ್ಷ ಆತು, ಅದನ್ ಮೊದ್ಲ ಮಾಡಸ್ಕೊಂಡ್ ಬಾ."

ಬಡಿಗ್ಯಾರ ಮನೀಗೆ ಹೊಂಟೀನ್ರಿ.

ಬಿಟಿಎಂ_ಬಾಬು
ತಾಡಪಾಲು ಎಷ್ಟು ಬೈ ಎಷ್ಟು? ಆಫೀಸ್ ಹತ್ರ ಹಳೇ ಫ್ಲೆಕ್ಸ್ ರಾಶಿ ಬಿದ್ದಿದೆ, ಎಲೆಕ್ಷನ್‌ದು, ನಡೆಯತ್ತಾ?

ರಟ್ಟೀಹಳ್ಳಿ_ಹುಡುಗ
ಯಾವ ಪಾರ್ಟಿದ್ರಿ? ನೀರು ನಿಲ್ತೈತೇನು ಅದರಾಗ?